ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಬುಕನನ್: ಮೂಲಪ್ರತಿಯೇ, ಮರುಮುದ್ರಣವೇ?

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಅವರ ಮೈಸೂರು, ಕೆನರಾ, ಮಲಬಾರ್ ಪ್ರವಾಸದ ಮೂರು ಇಂಗ್ಲಿಷ್ ಸಂಪುಟಗಳು ಸಿಕ್ಕಿವೆ. ಶೀರ್ಷಿಕೆ ಪುಟದಲ್ಲಿ ಲಂಡನ್, 1807 ಎಂದಿದೆ. ಚರ್ಮದ ಹೊದಿಕೆಯನ್ನು ಮುಟ್ಟಿದರೆ ಕೆಂಪು ಪುಡಿ ಉದುರುತ್ತದೆ. ಬೈಂಡಿಂಗ್ ಮಾಡುವವರೊಬ್ಬರು ಅಂಚು ಕತ್ತರಿಸಿ ಹೊಸ ರಟ್ಟು ಹಾಕಿಕೊಡುವುದಾಗಿ ಹೇಳಿದ್ದಾರೆ. ಇದು ಮೂಲಪ್ರತಿಯೇ? ಬೆಲೆ ಬಾಳುವುದೇ?

ಉತ್ತರ: ಮೊದಲು ಬೈಂಡಿಂಗ್‌ನವರಿಗೆ ಬೇಡವೆಂದು ಹೇಳಿಬಿಡಿ. ಒಮ್ಮೆ ಕತ್ತರಿಸಿದ ಅಂಚು ಮತ್ತೆ ಬರುವುದಿಲ್ಲ. ಹಳೆಯ ಪುಸ್ತಕ ಕೊಳ್ಳುವವರು ಮೊದಲು ನೋಡುವುದೇ ಅಂಚಿನ ಅಗಲವನ್ನು.

ಶೀರ್ಷಿಕೆ ಪುಟದ ಇಸವಿಯೊಂದನ್ನೇ ನಂಬುವಂತಿಲ್ಲ. ಈ ಕೃತಿ 1807ರಲ್ಲಿ ಲಂಡನ್ನಿನಲ್ಲಿ ದೊಡ್ಡ ಕ್ವಾರ್ಟೊ (ಅಚ್ಚಿನ ಹಾಳೆಯನ್ನು ಎರಡು ಸಲ ಮಡಿಸಿದ) ಆಕಾರದ ಮೂರು ಸಂಪುಟಗಳಾಗಿ ಬಂದಿತು; 1870ರಲ್ಲಿ ಮದರಾಸಿನ ಹಿಗಿನ್‌ಬಾಥಮ್ಸ್ ಪ್ರಕಾಶನ ಇದನ್ನು ಎರಡು ಸಂಪುಟಗಳಲ್ಲಿ ಮರಳಿ ಅಚ್ಚು ಹಾಕಿತು; 1988ರಲ್ಲಿ ದೆಹಲಿಯಲ್ಲಿ ಹೊರಬಂದ ಮೂರು ಸಂಪುಟಗಳ ಮರುಮುದ್ರಣವು ಹಳೆಯ ಪುಟಗಳ ಪಡಿಯಚ್ಚು. ಪಡಿಯಚ್ಚಿನಲ್ಲಿ ಹಳೆಯ ಇಸವಿಯೂ ಹಾಗೆಯೇ ಉಳಿದಿರುತ್ತದೆ. ಕೆಂಪು ಪುಡಿ ಹಳೆಯ ಚರ್ಮದ ಗುರುತೇ ಆದರೂ, ಆ ರೋಗ ಹೆಚ್ಚಾಗಿ ಕಾಣುವುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಚರ್ಮದಲ್ಲಿ. ಆದುದರಿಂದ ಹೊದಿಕೆ ಆಮೇಲೆ ಹಾಕಿಸಿದ್ದಾಗಿರಬಹುದು, ಒಳಗಿನ ಪುಟಗಳು ಅದಕ್ಕಿಂತ ಹಳೆಯವಿರಬಹುದು.

ಹೀಗೆ ಪರೀಕ್ಷಿಸಿ. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಾಗದ ತಯಾರಿಸಿದವನ ಹೆಸರೋ ಇಸವಿಯೋ ನೀರಚ್ಚಾಗಿ (ವಾಟರ್‌ಮಾರ್ಕ್) ಕಾಣಬಹುದು. 1794ರ ನಂತರದ ಇಂಗ್ಲಿಷ್ ಕಾಗದದಲ್ಲಿ, ಸುಂಕದ ನಿಯಮದ ಕಾರಣದಿಂದ, ಹೀಗೆ ಇಸವಿ ಇರುವುದು ಅಪರೂಪವಲ್ಲ. ಬಳಿಕ ಹಾಳೆಯ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲನೆ ಸವರಿ: ಲೋಹದ ಅಕ್ಷರಗಳ ಮೊಳೆಯಚ್ಚು ಒತ್ತಿದ ಕಡೆ ನವಿರಾದ ಉಬ್ಬು ತಾಗುತ್ತದೆ, ಈಚಿನ ಆಫ್‌ಸೆಟ್ ಮುದ್ರಣ ನುಣ್ಣಗಿರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಚಿತ್ರಪುಟಗಳಲ್ಲಿದೆ. ತಾಮ್ರದ ತಗಡಿನಿಂದ ಒತ್ತಿದ ಚಿತ್ರದ ಸುತ್ತ ತಗಡಿನ ಅಂಚು ಕಾಗದದಲ್ಲಿ ಚೌಕಟ್ಟಿನಂತೆ ತಗ್ಗಾಗಿ ಉಳಿದಿರುತ್ತದೆ, ಎದುರು ಪುಟದ ಮೇಲೆ ಆ ಚಿತ್ರದ ಕಂದು ನೆರಳೂ ಮೂಡಿರುವುದುಂಟು.

ಬೆಲೆ ನಿಂತಿರುವುದು ಪೂರ್ಣತೆಯ ಮೇಲೆ. ಮಡಿಸಿದ ನಕ್ಷೆ ಇದೆಯೇ, ಚಿತ್ರಗಳೆಲ್ಲ ಇವೆಯೇ ಎಂಬುದನ್ನು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿರುವ ಪ್ರತಿಯೊಂದಿಗೆ ಪುಟಪುಟ ಹೋಲಿಸಿ ನೋಡಿ; ನಕ್ಷೆಗಳನ್ನು ಬ್ಲೇಡಿನಿಂದ ಕೊಯ್ದು ಕಟ್ಟುಹಾಕಿಸಿ ಮಾರುವ ಚಾಳಿ ಹಳೆಯದು. ಮಾರುವ ಯೋಚನೆಯಿದ್ದರೆ ಇನ್ನೊಂದು ಮಾತು: ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಹೊರದೇಶದ ಗಿರಾಕಿ ಬಂದರೆ ಒಪ್ಪುವ ಮೊದಲು ಪುರಾತತ್ತ್ವ ಇಲಾಖೆಯನ್ನು ವಿಚಾರಿಸಿ.

ಮಾರುವ ಮೊದಲು ಮೂರನೆಯ ಸಂಪುಟವನ್ನಾದರೂ ಓದಿ ಎಂಬುದು ನನ್ನ ಸಲಹೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟ ಈ ವೈದ್ಯ, 1801ರಲ್ಲಿ ನಿಮ್ಮ ಸೀಮೆಗೂ ಬಂದು ಹವ್ಯಕರ ಅಡಿಕೆ ತೋಟಗಳ ಕೆಲಸವನ್ನು ವಿಚಾರಿಸಿ ಬರೆದಿಟ್ಟಿದ್ದಾನೆ. ಸೋದೆಯನ್ನು ‘ಸೂಂಡಾ’ ಎಂದು ಬರೆಯುವವನ ಜೊತೆ ಹೆಸರುಗಳಿಗಾಗಿ ಸ್ವಲ್ಪ ಹೆಣಗಬೇಕಾಗುತ್ತದೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದು, ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದುದು ಇಂಥವೆಲ್ಲ ಅವನಲ್ಲಿ ವಿವರವಾಗಿ ಸಿಗುತ್ತವೆ. ಆದರೆ ಕಂಪನಿಯ ಕೈಗೆ ಹೊಸದಾಗಿ ಬಂದ ನಾಡಿನ ಹುಟ್ಟುವಳಿಯನ್ನು ಅಳೆಯಲು ಬಂದವನು ಅವನು. ಟಿಪ್ಪುವಿನ ಆಡಳಿತದ ಬಗೆಗಿನ ಅವನ ಮಾತುಗಳನ್ನು, ಜಾತಿಗಳ ಕುರಿತ ತೀರ್ಪುಗಳನ್ನು ಆ ಎಚ್ಚರದಿಂದಲೇ ಓದಬೇಕು.

ಮಳೆಗಾಲದಲ್ಲಿ ಸಂಪುಟಗಳನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿ ಇಡಿ. ಪುಡಿ ಉದುರುವ ಹೊದಿಕೆಗೆ ಎಣ್ಣೆ, ಪಾಲಿಶ್ ಯಾವುದನ್ನೂ ಹಚ್ಚದೆ ಶುಭ್ರವಾದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಹರಿದ ಹಾಳೆಗೆ ಸೆಲೋಟೇಪ್ ಬೇಡ, ಮೈದಾ ಅಂಟು ಹುಳುವನ್ನು ಕರೆಯುತ್ತದೆ, ಬಿಸಿಲಿಗೆ ಹರವುವುದಂತೂ ಬೇಡವೇ ಬೇಡ.