ಪಾವಗಡದ ಲೇಖಕಿಗೆ

ನಮಸ್ಕಾರ. ಸಂತಾನಹರಣ ಕ್ಯಾಂಪುಗಳ ಬಗ್ಗೆ ನೀವು ಬರೆದ ಲೇಖನ ತುಮಕೂರಿನ ನಮ್ಮ ಕಚೇರಿಗೆ ತಲುಪಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸು ಬರುತ್ತಿಲ್ಲ.

ಅರ್ಧ ಲೇಖನ ತುರ್ತು ಪರಿಸ್ಥಿತಿಗೇ ಹೋಗಿದೆ. 1976–77ರ ಸುಮಾರು 80 ಲಕ್ಷ ಆಪರೇಷನ್ನುಗಳಲ್ಲಿ ಬಹುಪಾಲು ಗಂಡಸರವು. ಬಲವಂತಕ್ಕೆ ಹುಟ್ಟಿದ ಸಿಟ್ಟಿಗೆ ಸರ್ಕಾರವೇ ಬಿದ್ದಮೇಲೆ ಗಂಡಸರ ತಂಟೆಗೆ ಹೋಗುವ ಧೈರ್ಯ ಮುಂದಿನವರಿಗೆ ಬರಲಿಲ್ಲ. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ನಿಮ್ಮ ವಿಷಯ ಶುರುವಾಗುವುದು ಇಲ್ಲಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಮದುವೆಯಾದವರಲ್ಲಿ ಹೆಣ್ಣಿನ ಆಪರೇಷನ್ ಶೇ. 37.9, ಗಂಡಿನದು ಶೇ. 0.3. ಇದೊಂದನ್ನು ಬರೆದರೆ ನಿಮ್ಮ ಮೂರು ಪುಟದ ಕೆಲಸ ಆಗುತ್ತದೆ.

2016ರಲ್ಲಿ ಸುಪ್ರೀಂ ಕೋರ್ಟ್ ಈ ಆಪರೇಷನ್ನನ್ನೇ ನಿಷೇಧಿಸಿತು ಎಂದಿದ್ದೀರಿ, ತಪ್ಪು. ಮೂರು ವರ್ಷದೊಳಗೆ ಕ್ಯಾಂಪುಗಳನ್ನು ನಿಲ್ಲಿಸಿ ಎಂದಿತು. ಆ ತೀರ್ಪಿಗೆ ಕಾರಣವಾದ ಅರ್ಜಿಯೂ 2014ರಲ್ಲಿ ಕ್ಯಾಂಪಿನ ಆಪರೇಷನ್ನಿನಿಂದ 13 ಹೆಂಗಸರು ಸತ್ತ ಛತ್ತೀಸ್‌ಗಢದ ಬಿಲಾಸ್‌ಪುರದಿಂದ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ, 2012ರ ಜನವರಿಯಲ್ಲಿ, ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ರಾತ್ರಿ ಟಾರ್ಚ್ ಬೆಳಕಿನಲ್ಲಿ, ಮಕ್ಕಳ ಡೆಸ್ಕುಗಳ ಮೇಲೆ ಮಲಗಿಸಿ, ಎರಡೇ ಗಂಟೆಯಲ್ಲಿ 53 ಹೆಂಗಸರಿಗೆ ಒಬ್ಬರೇ ಡಾಕ್ಟರು ಆಪರೇಷನ್ ಮಾಡಿದ್ದರು. ಅದನ್ನು ಕೋರ್ಟಿಗೆ ಒಯ್ದವರು ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್. ‘ಪೈಶಾಚಿಕ’, ‘ಕರಾಳ’, ‘ರಾಕ್ಷಸೀ’ ಎಲ್ಲವನ್ನೂ ಹೊಡೆದುಹಾಕಿ, ಆ ಡೆಸ್ಕುಗಳನ್ನು ತೋರಿಸಿ ಸಾಕು.

ಕೊನೆಯ ಪುಟದಲ್ಲಿ ನಿಮ್ಮ ದೊಡ್ಡಮ್ಮ ಬರುತ್ತಾರೆ. ಆಸ್ಪತ್ರೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿಸಿದ್ದು, “ಹೆಬ್ಬೆಟ್ಟು ಒತ್ತಮ್ಮ ಅಂದ್ರು, ಒತ್ತಿದೆ” ಎಂಬ ಅವರ ಮಾತು. ಲೇಖನಕ್ಕೆ ಜೀವ ಬಂದದ್ದು ಅಲ್ಲಿ, ಆದರೆ ನಾಲ್ಕೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ. ಇನ್ನಷ್ಟು ಕೇಳಿ. ಆ ಕಾಗದವನ್ನು ಯಾರಾದರೂ ಓದಿ ಹೇಳಿದರೇ? ದೊಡ್ಡಪ್ಪನೂ ಮಾಡಿಸಿಕೊಳ್ಳಬಹುದು, ಅದು ಇನ್ನೂ ಸುಲಭ ಎಂದು ಹೇಳಿದರೇ? ಹೊಲಿಗೆ ಬಿಚ್ಚುವವರೆಗೆ ನೀರು ಹೊತ್ತವರು ಯಾರು? ಆಪರೇಷನ್ ಮಾಡಿಸಿಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಮನಸ್ಸು ಬದಲಾದೀತೆಂದು ಸುಮಾರು ಒಂದು ಗಂಟೆ ಬಿಡುವು ಕೊಡಬೇಕು ಎಂದು 2016ರ ತೀರ್ಪು ಹೇಳಿದೆ. ದೊಡ್ಡಮ್ಮನ ಮಾತಿನ ಪಕ್ಕದಲ್ಲೇ ಅದನ್ನಿಡಿ.

ಆಸ್ಪತ್ರೆಯ ಹೆಸರು ಬೇಡ, ದೊಡ್ಡಮ್ಮನ ಹೆಸರೂ ಬೇಡ. ಬರೆದದ್ದನ್ನು ಕಳಿಸುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿ. ಒಪ್ಪಿದರೆ ಲೇಖನ ಅವರಿಂದಲೇ ಶುರುವಾಗಲಿ. ಬೇಡ ಅಂದರೆ ಒತ್ತಾಯ ಮಾಡಬೇಡಿ, ಅರಾರಿಯಾದಿಂದ ಶುರುಮಾಡಿ ಕಳಿಸಿ. ಆಗಲೂ ಓದುತ್ತೇನೆ.