ಈಮ್ ಹಳ್ಳಿಯ ಚರ್ಚಿಗೆ ನಾವು ಹೋಗಬಹುದಾ ಅಂತ ಕೇಳಿದ ತಂಗಿಗೆ

ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಗಂಡನಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲಸ, ಮನೆ ಸಿಕ್ಕಿದ್ದು ಡರ್ಬಿಶೈರ್‌ನ ಬೆಟ್ಟದ ಸೀಮೆಯ ಈಮ್ ಹಳ್ಳಿಯಲ್ಲಿ. ಬಂದು ಮೂರು ವಾರ ಆಯಿತು, ಯಾರೂ ಮಾತಾಡಿಸಿಲ್ಲ. ಮನೆ ಹತ್ತಿರವೇ ಹಳೇ ಚರ್ಚಿದೆ, ನಾವು ಹಿಂದೂಗಳು ಒಳಗೆ ಹೋದರೆ ತಪ್ಪು ತಿಳಿಯುತ್ತಾರಾ ಅಂತ ಕೇಳಿದ್ದೀಯ.

ಹೋಗು. ಈ ಭಾನುವಾರವೇ ಹೋಗು. ನಾನು ಈ ಕಡೆ ಬಂದು 22 ವರ್ಷವಾಯಿತು. ಇಲ್ಲಿ ಯಾರೂ ತಾವಾಗಿ ಬಾಗಿಲು ತಟ್ಟುವುದಿಲ್ಲ. ಅದು ಗರ್ವ ಅಲ್ಲ, ಸಂಕೋಚ. ಇಷ್ಟು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ಆ ಎರಡು ವರ್ಷ ಜಾಸ್ತಿ ಅತ್ತಿದ್ದೇನೆ. ಕೊನೆಗೆ ನನ್ನನ್ನು ಮೊದಲು ಹೆಸರು ಹಿಡಿದು ಕರೆದವರು ನಮ್ಮ ಹಳ್ಳಿಯ ಚರ್ಚಿನಲ್ಲಿ ಹೂ ಜೋಡಿಸುತ್ತಿದ್ದ ಒಬ್ಬ ಅಜ್ಜಿ.

ಆದರೆ ಹೋಗುವ ಮುಂಚೆ ಆ ಚರ್ಚಿನ ಕಥೆ ಗೊತ್ತಿರಲಿ. ಅದು ಗೊತ್ತಿದ್ದರೆ ಆ ಊರಿನ ಜನರೂ ಅರ್ಥವಾಗುತ್ತಾರೆ.

ಸೇಂಟ್ ಲಾರೆನ್ಸ್ ಚರ್ಚು ಅದು. ಅಂಗಳದಲ್ಲಿ ಒಂದು ಕಲ್ಲಿನ ಶಿಲುಬೆ ನಿಂತಿದೆಯಲ್ಲ, ಅದು 8ನೇ ಶತಮಾನದ್ದು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಬಂದಿತ್ತು. ಅಲ್ಲಿಂದ ಈಮ್‌ನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರ ಜೊತೆ ರೋಗ ಹರಡುವ ಚಿಗಟಗಳೂ ಬಂದವು ಅಂತ ಊರಿನವರು ಹೇಳುತ್ತಾರೆ. ಬಟ್ಟೆ ಬಿಚ್ಚಿದ ಕೆಲಸಗಾರ ಜಾರ್ಜ್ ವಿಕರ್ಸ್ ಸೆಪ್ಟೆಂಬರ್ 7ಕ್ಕೆ ತೀರಿಕೊಂಡ. ಆಮೇಲೆ ಪಕ್ಕದ ಮನೆ, ಅದರ ಪಕ್ಕದ ಮನೆ. ಚಳಿಗಾಲದಲ್ಲಿ ಸ್ವಲ್ಪ ತಗ್ಗಿ, ಮುಂದಿನ ಬೇಸಿಗೆಗೆ ಮತ್ತೆ ಎದ್ದಿತು.

ಚರ್ಚಿನ ಗುರು ವಿಲಿಯಂ ಮೊಂಪೆಸನ್. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ, ಊರಿಗೆ ಹೊಸಬರು. ಜನರಿಗೆ ಅವರ ಮೇಲೆ ಅಷ್ಟೊಂದು ನಂಬಿಕೆ ಇರಲಿಲ್ಲ. ಜನ ನಂಬಿದ್ದು ಹಿಂದಿನ ಗುರು ಥಾಮಸ್ ಸ್ಟಾನ್ಲಿಯನ್ನು. ಅವರು ಆಡಂಬರವಿಲ್ಲದ ಸರಳ ಆರಾಧನೆ ಸಾಕು ಅನ್ನುವ ಪ್ಯೂರಿಟನ್ ಪಂಥದವರು. ಎಲ್ಲ ಚರ್ಚುಗಳಿಗೂ ಕಡ್ಡಾಯ ಮಾಡಿದ್ದ 1662ರ ಪ್ರಾರ್ಥನಾ ಪುಸ್ತಕವನ್ನು ಒಪ್ಪದೆ ಹುದ್ದೆ ಕಳೆದುಕೊಂಡವರು. ಧರ್ಮದ ವಿಷಯದಲ್ಲಿ ಇಬ್ಬರೂ ಎದುರುಬದುರು. ಆದರೂ 1666ರ ಜೂನ್‌ನಲ್ಲಿ ಜೊತೆಯಾಗಿ ನಿಂತು ಊರಿಗೆ ಹೇಳಿದರು: ನಾವು ಯಾರೂ ಗಡಿ ದಾಟುವುದು ಬೇಡ, ಸುತ್ತಲಿನ ಊರುಗಳಾದರೂ ಉಳಿಯಲಿ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಇಬ್ಬರ ಕೂಡುವಿಕೆಯೇ.

ಚರ್ಚಿಗೆ ಬೀಗ ಬಿತ್ತು. ಪ್ರಾರ್ಥನೆ ಕಕ್ಲೆಟ್ ಡೆಲ್ಫ್ ಅನ್ನುವ ಹಸಿರು ಕಣಿವೆಗೆ ಹೋಯಿತು. ಮನೆಮನೆಯವರು ದೂರ ದೂರ ನಿಂತು ಕೇಳುತ್ತಿದ್ದರು. ಸತ್ತವರನ್ನು ಅವರವರ ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕಾಯಿತು. ಹೊರಗಿನವರು ಗಡಿಯಲ್ಲಿ ಊಟ ಇಟ್ಟು ಹೋಗುತ್ತಿದ್ದರು. ಅದರ ದುಡ್ಡನ್ನು ಊರಿನವರು, ಸೋಂಕು ಹೋಗಲಿ ಅಂತ, ಕಲ್ಲಿನ ಗುಳಿಯಲ್ಲಿ ವಿನೆಗರ್ ತುಂಬಿಸಿ ಅದರೊಳಗೆ ಹಾಕಿಡುತ್ತಿದ್ದರು. ಆ ಕಲ್ಲು ಇವತ್ತೂ ಇದೆ, ಗುಳಿಗಳಲ್ಲಿ ಬೆರಳಾಡಿಸಿ ನೋಡು. ಹತ್ತಿರದ ಚಾಟ್ಸ್‌ವರ್ತ್‌ನ ದೊಡ್ಡ ಜಮೀನ್ದಾರರಾದ ಅರ್ಲ್ ಆಫ್ ಡೆವನ್‌ಶೈರ್ ಕೂಡ ದಿನಸಿ ಕಳಿಸಿದರು.

ಆ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್ಕಾಕ್ ಎಂಬ ಹೆಂಗಸು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೂತಳು. ರೈಲಿ ಗ್ರೇವ್ಸ್ ಅಂತ ಊರಾಚೆ ಏರಿನ ಮೇಲೆ ಕಲ್ಲಿನ ಗೋಡೆಯ ಸುತ್ತು ಇದೆ, ಅದೇ. ನಾನು ಅಲ್ಲಿಗೆ ಎಷ್ಟು ಸಲ ಹೋದರೂ ಮಾತು ಬರುವುದಿಲ್ಲ. ಮೊಂಪೆಸನ್ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರು. ಹೆಂಡತಿ ಕ್ಯಾಥರಿನ್ ಮಾತ್ರ ಗಂಡನ ಜೊತೆ ಉಳಿದರು, ಆಗಸ್ಟ್ 25ಕ್ಕೆ ತೀರಿಕೊಂಡರು. ಅವರ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ. ನವೆಂಬರ್ ಹೊತ್ತಿಗೆ ಎಲ್ಲ ಮುಗಿದಾಗ ಸತ್ತವರು ಸುಮಾರು 260 ಜನ. ಚರ್ಚಿನ ಪಕ್ಕದ ಸಾಲು ಮನೆಗಳ ಮುಂದೆ ಆಯಾ ಮನೆಯಲ್ಲಿ ಸತ್ತವರ ಹೆಸರಿನ ಫಲಕಗಳಿವೆ, ನೀನು ನೋಡಿಯೇ ಇರುತ್ತೀಯ.

ನಮಗೆ ಇದು ಪರದೇಶದ ಕಥೆ ಅನ್ನಿಸಬಾರದು, ಅಲ್ವಾ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಆಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು, ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ನಿನಗೂ ಗೊತ್ತು. ನಮ್ಮಜ್ಜಿ ಹೇಳುತ್ತಿದ್ದರು, ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಇಡೀ ಊರು ಪಾತ್ರೆ ಪಗಡ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿತ್ತು ಅಂತ. ನಮ್ಮವರು ಊರು ಬಿಟ್ಟು ಬದುಕಿದರು. ಇವರು ಊರು ಬಿಡದೆ ಬೇರೆಯವರನ್ನು ಬದುಕಿಸಿದರು. ಇದನ್ನೇ ಒಮ್ಮೆ ಆ ಚರ್ಚಿನ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದವರಿಗೆ ಹೇಳಿದೆ. ಅವರು ಮಾರಮ್ಮನ ಬಗ್ಗೆ ಅರ್ಧ ಗಂಟೆ ಕೇಳಿದರು.

ಈಗ ಭಾನುವಾರದ ವಿಷಯ. ನಿಮ್ಮೂರಿನದು ಆಂಗ್ಲಿಕನ್ ಚರ್ಚು, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನವರದು. ನಮ್ಮ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚು 1947ರಲ್ಲಿ ಆಂಗ್ಲಿಕನ್ನರೂ ಇನ್ನೂ ಕೆಲವು ಪಂಥದವರೂ ಕೂಡಿ ಆದದ್ದು, ಹಾಗಾಗಿ ತೀರಾ ಹೊಸದೇನಲ್ಲ. ಹಿಂದಿನ ಸಾಲಿನಲ್ಲಿ ಕೂತುಕೊ. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಕೂತೇ ಇರಬಹುದು. ಮುಂದೆ ಹೋಗಬೇಕು ಅನ್ನಿಸಿದರೆ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊ, ಗುರು ಆಶೀರ್ವಾದ ಮಾಡಿ ಕಳಿಸುತ್ತಾರೆ. ಮತಕ್ಕೆ ಎಳೆಯುತ್ತಾರೆ ಅಂತ ನಿನ್ನ ಅತ್ತೆಗೆ ಹೆದರಿಕೆ ಅಂದೆಯಲ್ಲ, 22 ವರ್ಷದಲ್ಲಿ ನನಗೆ ಇಲ್ಲಿನ ಹಳ್ಳಿ ಚರ್ಚುಗಳಲ್ಲಿ ಯಾರೂ ಹಾಗೆ ಮಾಡಿಲ್ಲ.

ಮುಗಿದ ಮೇಲೆ ಚಹಾ ಇದ್ದರೆ ಹೊರಟುಬಿಡಬೇಡ. ಪರಿಚಯ ಆಗುವುದೇ ಆಗ. ಕಪ್ಪು ತೊಳೆಯಲು ಕೈ ಜೋಡಿಸು, ಬೇಡ ಅನ್ನುತ್ತಾರೆ, ಆದರೂ ಜೋಡಿಸು. ಹಳ್ಳಿ ಚರ್ಚಿನ ಸೂರು ಸೋರಿದರೆ ಸರ್ಕಾರ ಬಂದು ಸರಿಮಾಡುವುದಿಲ್ಲ, ಊರಿನವರೇ ಕೇಕ್ ಮಾರಿ ದುಡ್ಡು ಕೂಡಿಸಬೇಕು. ನಿನ್ನ ಕೊಬ್ಬರಿ ಮಿಠಾಯಿ ಅಲ್ಲಿ ಒಂದು ತಟ್ಟೆಯೂ ಉಳಿಯುವುದಿಲ್ಲ.

ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಸಂಡೇ. ಅವತ್ತು ಕಕ್ಲೆಟ್ ಡೆಲ್ಫ್‌ನಲ್ಲೇ ಪ್ರಾರ್ಥನೆ. ನಾವು ಮನೆಯವರೆಲ್ಲ ಬರುತ್ತೇವೆ. ಹುಲ್ಲು ಒದ್ದೆ ಇರುತ್ತದೆ, ಇಳಿಜಾರು ಬೇರೆ. ಒಳ್ಳೇ ಬೂಟು ಹಾಕಿಕೊ, ಒಂದು ಜಮಖಾನ ತಾ. ಚಿತ್ರಾನ್ನ ನಾನು ತರುತ್ತೇನೆ.