ಕ್ರಿಸ್ತನನ್ನು ನಂಬಿದ ಮೇಲೂ ಮನಸ್ಸಲ್ಲಿ ಭೇದಭಾವ ಉಳಿದಿದ್ದರೆ ಏನು ಮಾಡಬೇಕು?

ನಂಬಿಕೆ ಬಂದ ತಕ್ಷಣ ಭೇದಭಾವ ತಾನಾಗಿ ಹೋಗುವುದಿಲ್ಲ. ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೆಹೂದ್ಯರು ಅನ್ಯಜನರ (ಯೆಹೂದ್ಯರಲ್ಲದವರ) ಹೊಸ್ತಿಲು ತುಳಿಯದ ಕಾಲದಲ್ಲಿ ಅವನು ರೋಮ್ ಸೇನೆಯ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋದ (ಅಪೊಸ್ತಲರ ಕೃತ್ಯಗಳು 10). ದೇವರು ಪಕ್ಷಪಾತಿಯಲ್ಲ ಎಂದು ಅಲ್ಲೇ ಬಾಯಿಬಿಟ್ಟು ಹೇಳಿದ. ಅಂಥವನೇ ಅಂತಿಯೋಕ್ಯ ಪಟ್ಟಣದಲ್ಲಿ, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ, ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ (ಗಲಾತ್ಯ 2). ಯಾಕೆ? ಬಂದವರ ಭಯ. ಅಪೊಸ್ತಲ ಪೌಲ ಎಲ್ಲರ ಮುಂದೆಯೇ ಅವನನ್ನು ತಡೆದು ಕೇಳಿದ.

ನಮ್ಮಲ್ಲೂ ದ್ವೇಷಕ್ಕಿಂತ ನಮ್ಮವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆಯೇ ಜಾಸ್ತಿ, ಅಲ್ವಾ? ಸುಮ್ನೆ 'ಎಲ್ಲರನ್ನೂ ಪ್ರೀತಿಸುತ್ತೇನೆ' ಅಂದರೆ ಸಾಲದು. ದೂರ ಇಟ್ಟವರ ಹೆಸರು ಹಿಡಿದು ಪ್ರಾರ್ಥಿಸಿ. ನಿಮ್ಮವರು ನೋಡುತ್ತಿರುವಾಗಲೇ ಅವರ ಪಕ್ಕ ಕೂತು ಊಟ ಮಾಡಿ.